ಪೂಜೆಗೆ ಬಿಚ್ಚಿದ ಕಂಪ್ಯೂಟರ್

ನಮ್ಮ ತೆಂಗು ಬೆಳೆಗಾರರ ಸಂಘದ ಕಂಪ್ಯೂಟರನ್ನು ಈ ಸಲ ಆಯುಧಪೂಜೆಗೆ ಪೂರ್ತಿ ಬಿಚ್ಚಿದರು. ಹಿಂದಿನ ವರ್ಷಗಳಲ್ಲಿ ಮೇಲಿನ ಧೂಳು ಒರೆಸಿ, ಮಾನಿಟರಿಗೆ ಮೂರು ಬೆರಳಿನ ವಿಭೂತಿ ಎಳೆದು, ಕೀಬೋರ್ಡಿನ ಮೇಲೆ ಒಂದು ತುಂಡು ಹೂವಿಟ್ಟು ಮುಗಿಸುತ್ತಿದ್ದೆವು. ಈ ಸಲ ನಮ್ಮ ಕಾರ್ಯದರ್ಶಿಗಳಿಗೆ ಅಷ್ಟು ಸಾಲದೆನಿಸಿತು. ಎದುರಿನ ಪಂಕ್ಚರ್ ಅಂಗಡಿಯಿಂದ ಗಾಳಿ ಪೈಪನ್ನು ರಸ್ತೆ ದಾಟಿಸಿ ಎಳೆಸಿದ್ದರು. ನಾನು ಹೊನ್ನವಳ್ಳಿಯಲ್ಲಿ ಬಸ್ಸಿಳಿದು ಆಫೀಸಿಗೆ ಬರುವಷ್ಟರಲ್ಲಿ ಕಂಪ್ಯೂಟರಿನ ಡಬ್ಬ ಖಾಲಿಯಾಗಿ ಬಾಗಿಲಲ್ಲಿ ಒಣಗುತ್ತಿತ್ತು. ಒಳಗಿನ ಭಾಗಗಳೆಲ್ಲ ಹಿತ್ತಾಳೆ ಹರಿವಾಣದಲ್ಲಿ ಸಾಲಾಗಿದ್ದವು.

"ಪಂಪ್‌ಸೆಟ್ ಬಿಚ್ಚಿ ತೊಳೀತೀವಿ, ಟಿಲ್ಲರ್ ಬಿಚ್ಚಿ ತೊಳೀತೀವಿ. ಇದೇನು ಮದುವಣಗಿತ್ತೀನಾ, ಬರೀ ಮುಖಕ್ಕೆ ಪೌಡರ್ ಹಾಕಿ ಕೂರ್ಸಕ್ಕೆ?" ಎಂದರು ಕಾರ್ಯದರ್ಶಿಗಳು.

ಹರಿವಾಣದಲ್ಲಿ ಒಂದು ಗುಂಡು ಬ್ಯಾಟರಿಯೂ ಇತ್ತು. ಮದರ್‌ಬೋರ್ಡಿನ ಮೂಲೆಯಲ್ಲಿ ಕೂತಿರುವ, ನಾಣ್ಯದಷ್ಟು ಅಗಲದ್ದು. ಅದನ್ನು ವಿಭೂತಿಯಿಂದ ಉಜ್ಜಿ ಹೊಳೆಯುವಂತೆ ಮಾಡಿದ್ದರು.

"ಇದನ್ಯಾಕ್ ತೆಗೆದ್ರಿ ಸಾರ್?"

"ಮಂಕಾಗಿತ್ತು ಕಣಮ್ಮ. ಈಗ ನೋಡು, ಕನ್ನಡಿ ಇದ್ದಂಗೈತೆ."

ಅವರು ಕೈಚಳಕದ ಮನುಷ್ಯ. ಬಿಚ್ಚಿದ್ದನ್ನೆಲ್ಲ ಮತ್ತೆ ಅದೇ ಜಾಗದಲ್ಲಿ ಸರಿಯಾಗಿಯೇ ಕೂರಿಸಿದರು. ಒಂದು ವೈರೂ ತಪ್ಪಲಿಲ್ಲ, ಒಂದು ಸ್ಕ್ರೂ ಉಳಿಯಲಿಲ್ಲ. ಪೂಜೆಯ ದಿನ ಯಂತ್ರ ನಡೆಸಬಾರದು ಎಂದು ಯಾರೂ ಸ್ವಿಚ್ ಒತ್ತಲಿಲ್ಲ. ಕುಂಬಳಕಾಯಿ ಒಡೆದು, ಪುರಿ ಹಂಚಿ ಬಾಗಿಲು ಹಾಕಿದೆವು. ಅದೇ ದಿನದ ಶುಚಿಯಲ್ಲಿ ಅಟ್ಟದ ಮೇಲಿದ್ದ ಹಳೆಯ ಚೀಟಿಗಳ ಕಟ್ಟುಗಳು ಗುಜರಿ ಗಾಡಿಗೆ ಹೋದವು. ಎಲ್ಲಾ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಅವರು ಕೊಟ್ಟಿದ್ದರು. ಆ ಸಂಗತಿ ನನಗೆ ಗೊತ್ತಾಗಿದ್ದು ಮರುವಾರ.

ಆ ಚೀಟಿಗಳಲ್ಲಿ ಇದ್ದದ್ದು ಮರವಾರು ಕಾಯಿ ಲೆಕ್ಕ. ಸಂಘದ ಕೆಲವು ತೋಟಗಳಲ್ಲಿ ಒಳ್ಳೆಯ ಮರಗಳನ್ನು ಆರಿಸಿ, ಬುಡಕ್ಕೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದೆವು. ಕಾಯಿ ಕೀಳಿಸಿದಾಗೆಲ್ಲ ಯಾವ ಮರದಡಿ ಎಷ್ಟು ಬಿತ್ತು ಎಂದು ಬೇರೆ ಬೇರೆ ರಾಶಿ ಹಾಕಿ ಎಣಿಸಬೇಕು. ಎಣಿಸಿದ್ದನ್ನು ಚೀಟಿಯಲ್ಲಿ ಬರೆದು ತಂದು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಬೀಜದ ಕಾಯಿಯನ್ನು ಒಳ್ಳೆಯ ಬೆಲೆಗೆ ಕೊಳ್ಳುವ ಒಂದು ನರ್ಸರಿಯವರು ಸತತ ಆರು ವರ್ಷದ ಲೆಕ್ಕ ಇರುವ ಮರಗಳನ್ನು ಮಾತ್ರ ತಾಯಿಮರ ಎಂದು ಒಪ್ಪುತ್ತೇವೆ ಎಂದಿದ್ದರು. ಅವರು ದೀಪಾವಳಿ ಕಳೆದ ಮೇಲೆ ತೋಟ ನೋಡಲು ಬರುವವರಿದ್ದರು.

ಆರು ವರ್ಷ ಬಿಡದೆ ನಡೆಸಿದ್ದು ಒಂದೇ ತೋಟ. ಅದರ ಒಡತಿಯನ್ನು ನಾವೆಲ್ಲ ತೋಟದಕ್ಕ ಎನ್ನುತ್ತೇವೆ. ಊರಿನಿಂದ ಅರ್ಧ ಮೈಲಿ ದೂರದಲ್ಲಿ ಅವರ ತೋಟ, ನಂಬರ್ ಹಾಕಿದ ಮರ ನಲವತ್ತು. ಕಾಯಿ ಬಲಿತ ಮೇಲೆಯೇ ಎಣಿಸಬೇಕಾದ್ದರಿಂದ ಆ ಮರಗಳಿಂದ ಎಳನೀರು ಕೀಳುವಂತಿಲ್ಲ. ಬೇಸಿಗೆಯಲ್ಲಿ ಎಳನೀರು ವ್ಯಾಪಾರಿಗಳು ಗಾಡಿ ತಂದು ನಿಂತರೂ ಅಕ್ಕ ಬೇಲಿಯಿಂದಲೇ ಕಳಿಸುತ್ತಿದ್ದರು. ಒಮ್ಮೆ ಮೊಮ್ಮಗಳಿಗೆ ಜ್ವರ ಬಂದಾಗ ಎಳನೀರನ್ನು ಪಕ್ಕದ ತೋಟದಿಂದ ಕೇಳಿ ತಂದಿದ್ದರು. ಅಕ್ಕಪಕ್ಕದವರು ನಗುತ್ತಿದ್ದರು. "ನಗಲಿ ಬುಡು. ಬಾವಿ ತೋಡೋವಾಗ್ಲೂ ನಗೋರು ಇರ್ತಾರೆ," ಎನ್ನುತ್ತಿದ್ದರು.

ಹಬ್ಬ ಮುಗಿದ ಸೋಮವಾರ ಸ್ವಿಚ್ ಒತ್ತಿದೆ. ವಿಂಡೋಸ್ ಗುರುತು ಬಂದು, ಕೂಡಲೇ ನೀಲಿ ಪರದೆ. ಮತ್ತೆ ಒತ್ತಿದೆ, ಮತ್ತೆ ನೀಲಿ. ವಿಂಡೋಸಿಗೂ ಮೊದಲು ಏಳುವ ಬಯೋಸ್ ಸೆಟ್ಟಿಂಗ್ ತೆರೆದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಬ್ಯಾಟರಿ ತೆಗೆದರೆ ತಾರೀಖು ಮರೆಯುತ್ತದೆ ಎಂಬುದು ನನಗೆ ಗೊತ್ತಿತ್ತು, ಸರಿಪಡಿಸಿದೆ. ಆದರೂ ನೀಲಿಯೇ. ತಾರೀಖಿನ ಜೊತೆ ಅದು ಇನ್ನೇನೇನು ಮರೆತಿದೆ ಎಂದು ಆಗ ಕೇಳಿಕೊಳ್ಳಲಿಲ್ಲ.

ತಿಪಟೂರಿನಿಂದ ರಿಪೇರಿಯವರು ಬಂದರು. ಅವರು ತಾಳ್ಮೆಯ ಮನುಷ್ಯ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಒಂದು ಚಿಕ್ಕ ಡಿಸ್ಕಿನಲ್ಲಿದೆ, ಲೆಕ್ಕವೆಲ್ಲ ಡಿ ಡ್ರೈವಿನಲ್ಲಿದೆ ಎಂದೆ.

"ಹಂಗಾದ್ರೆ ಸುಲಭ ಮೇಡಂ. ಚಿಕ್ಕದಕ್ಕೆ ಮಾತ್ರ ಹೊಸ ವಿಂಡೋಸ್ ಹಾಕ್ತೀನಿ. ನಿಮ್ ಡಿ ಡ್ರೈವಿಗೆ ಕೈ ಹಾಕಲ್ಲ."

ಹಾಗೆಯೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ವಿಂಡೋಸ್ ತೆರೆಯಿತು. ಡಿ ಡ್ರೈವ್ ಇರಲಿಲ್ಲ. ಅದರ ಬದಲು ಎರಡು ದೊಡ್ಡ ಡಿಸ್ಕುಗಳು ಬೇರೆ ಬೇರೆಯಾಗಿ ಕಾಣಿಸಿದವು. ಎರಡನೆಯದು ಹೊಸ ಡಿಸ್ಕಿನಂತೆ ಖಾಲಿ ತೋರಿಸುತ್ತಿತ್ತು. ಅದನ್ನು ಬಳಕೆಗೆ ಸಿದ್ಧಮಾಡಲೇ ಎಂದು ಪರದೆ ಕೇಳಿತು. ರಿಪೇರಿಯವರು ಓಕೆ ಒತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಅದು ತಪ್ಪೆನಿಸಲಿಲ್ಲ. ಆಮೇಲೆ ಮೊದಲನೆಯದರ ಮೇಲೆ ಇನ್ನೊಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

"ಬೇಡ," ಎಂದೆ. ಅವರು ಕೈ ಹಿಂತೆಗೆದರು.

ಕಾರ್ಯದರ್ಶಿಗಳು ಮೇಜಿನ ಹತ್ತಿರ ಬಂದರು. "ಒಂದು ಕೆಟ್ರೆ ಇನ್ನೊಂದರಾಗೆ ಇರ್ತದೆ ಕಣಮ್ಮ. ಎರಡ್ ಡಿಸ್ಕ್ ಯಾಕ್ ಹಾಕ್ಸಿದ್ದು ಮತ್ತೆ?"

ಎರಡು ಡಿಸ್ಕಿದೆಯಲ್ಲ ಎಂಬ ಮಾತಿಗೇ ಅವರು ಹೊರಗಿನಿಂದ ಜೋಡಿಸುವ ಡಿಸ್ಕನ್ನು ಎರಡು ಸಲ ಬೇಡವೆಂದಿದ್ದರು. ಕಾರ್ಯದರ್ಶಿಗಳು ಕಂಪ್ಯೂಟರ್ ಆರಿಸಿ ಡಬ್ಬದ ಪಕ್ಕದ ಮುಚ್ಚಳ ತೆಗೆಸಿದರು, ಒಂದು ಡಿಸ್ಕನ್ನು ಹೊರಗೆಳೆದರು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ನಮ್ಮ ಕಡೆ ಅಟ್ಟದ ಕಾಯಿಯನ್ನು ಹೀಗೆ ನೋಡುತ್ತಾರೆ. ಹನ್ನೊಂದು ತಿಂಗಳು ಅಟ್ಟದಲ್ಲಿದ್ದ ಕಾಯಿ ಒಣಗಿ ಕೊಬ್ಬರಿಯಾದರೆ ಕರಟ ಬಿಟ್ಟು ಒಳಗೆ ಲೊಟಲೊಟ ಎನ್ನುತ್ತದೆ. ಶಬ್ದ ಬಾರದಿದ್ದರೆ ಕೊಳೆತಿದೆ ಎಂದು ಪಕ್ಕಕ್ಕಿಡುತ್ತಾರೆ. ಅವರು ನಲವತ್ತು ವರ್ಷದಿಂದ ಕಾಯಿ ನೋಡುತ್ತಿದ್ದಾರೆ, ಈ ವಿಷಯದಲ್ಲಿ ಅವರ ಕಿವಿ ತಪ್ಪಿದ್ದಿಲ್ಲ.

ಇನ್ನೊಂದನ್ನೂ ಎಳೆದು ಅಲ್ಲಾಡಿಸಿದರು.

"ಒಳಗೆ ಏನೂ ಅಲ್ಲಾಡ್ತಿಲ್ಲ. ಹೋಗೈತೆ ಕಣಮ್ಮ. ಎರಡೂ ಹೋಗವೆ."

"ಅಲ್ಲಾಡಿದ್ರೆ ಕೆಟ್ಟಿದೆ ಅಂತ ಸಾರ್. ಅಲ್ಲಾಡದಿದ್ರೆ ಒಳ್ಳೇದು," ಎಂದರು ರಿಪೇರಿಯವರು.

"ಒಳ್ಳೇದಾಗಿದ್ರೆ ತೆಗೆದು ತೋರ್ಸಿ ಮತ್ತೆ."

ರಿಪೇರಿಯವರು ಎರಡೂ ಡಿಸ್ಕನ್ನು ಮತ್ತೆ ಡಬ್ಬದಲ್ಲಿ ಕೂರಿಸಿದರು. ಕಾರ್ಯದರ್ಶಿಗಳು ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಯಾರನ್ನೂ ಕಾಯಿಸಬಾರದು, ಕೆಟ್ಟ ಸುದ್ದಿಯನ್ನು ಬೇಗ ಹೇಳಬೇಕು ಎಂಬುದು ಅವರ ನಿಯಮ.

ಆ ಸಂಜೆ ಬಸ್ಸಿನಲ್ಲಿ ಕೂತು, ಹಬ್ಬಕ್ಕೆ ಮೊದಲು ಈ ಯಂತ್ರ ಹೇಗೆ ಶುರುವಾಗುತ್ತಿತ್ತು ಎಂದು ಒಂದೊಂದೇ ನೆನೆದೆ. ಸ್ವಿಚ್, ಬೀಪ್, ತಯಾರಕರ ಗುರುತು, ಆಮೇಲೆ ಒಂದು ಕಪ್ಪು ಪುಟ. ಆ ಪುಟದಲ್ಲಿ ಎರಡು ಡಿಸ್ಕುಗಳ ಹೆಸರು, ಅವೆರಡನ್ನೂ ಸೇರಿಸಿ ಒಂದು ಹೆಸರು, ಕೊನೆಗೆ ಹಸಿರು ಅಕ್ಷರದಲ್ಲಿ 'ನಾರ್ಮಲ್'. ದಿನಾ ಬೆಳಿಗ್ಗೆ ಒಂದು ಕ್ಷಣ ಬಂದು ಹೋಗುತ್ತಿದ್ದ ಆ ಪುಟ ಹಬ್ಬದ ನಂತರ ಒಮ್ಮೆಯೂ ಬಂದಿರಲಿಲ್ಲ.

ಮರುದಿನ ಬಯೋಸಿನ ಒಂದೊಂದು ಪುಟವನ್ನೂ ಓದಿದೆ. ಡಿಸ್ಕುಗಳ ಜೊತೆ ಮಾತಾಡುವ ಚಿಪ್ಪಿಗೆ ಅಲ್ಲಿ ಮೂರು ರೀತಿಗಳಿದ್ದವು. ಐಡಿಇ ಎಂಬುದು ಹಳೆಯ ಕಾಲದ್ದು. ಎಎಚ್‌ಸಿಐ ಎಂದರೆ ಪ್ರತಿ ಡಿಸ್ಕೂ ಅದರ ಪಾಡಿಗೆ ಅದು. ರೇಡ್ ಎಂದರೆ ಹಲವು ಡಿಸ್ಕುಗಳನ್ನು ಕಟ್ಟಿ ಒಂದೆಂದು ತೋರಿಸುವುದು. ಈಗ ಇದ್ದದ್ದು ಎಎಚ್‌ಸಿಐ, ಬ್ಯಾಟರಿ ತೆಗೆದಾಗ ತಾನಾಗಿ ಮರಳುವ ರೀತಿ. ಮೊದಲು ಇದ್ದದ್ದು ರೇಡ್ ಆಗಿರಲೇಬೇಕು. ಕಂಪ್ಯೂಟರ್ ಜೋಡಿಸಿಕೊಟ್ಟವರು ವೇಗ ಬರಲೆಂದು ಎರಡು ಡಿಸ್ಕನ್ನು ಹಾಗೆ ಕಟ್ಟಿದ್ದರು. ಆ ಕಟ್ಟಿನಲ್ಲಿ ಪ್ರತಿ ಫೈಲೂ ಚೂರುಚೂರಾಗಿ ಹಂಚಿಹೋಗುತ್ತದೆ: ಒಂದು ಚೂರು ಈ ಡಿಸ್ಕಿಗೆ, ಮುಂದಿನ ಚೂರು ಆ ಡಿಸ್ಕಿಗೆ. ಎರಡು ಡಿಸ್ಕಿದ್ದರೂ ಎರಡು ಪ್ರತಿ ಇರಲಿಲ್ಲ. ಇದ್ದದ್ದು ಒಂದೇ ಪ್ರತಿಯ ಎರಡು ಹೋಳು.

ರಿಪೇರಿಯವರಿಗೆ ಫೋನ್ ಮಾಡಿದೆ.

"ಹೌದಾ?" ಎಂದರು. "ಆದ್ರೆ ಈಗ ಒಮ್ಮೆಗೇ ರೇಡಿಗೆ ಬದಲಾಯಿಸಬೇಡಿ ಮೇಡಂ. ಹೊಸ ವಿಂಡೋಸ್ ಎಎಚ್‌ಸಿಐನಲ್ಲಿ ಹಾಕಿದೀನಿ. ಮತ್ತೆ ನೀಲಿ ಬರುತ್ತೆ."

"ಸೇಫ್ ಮೋಡಿಗೆ ಹಾಕಿ ಬದಲಾಯಿಸಿದ್ರೆ?"

"ಅದು ಆಗ್ಬೋದು. ಆದ್ರೆ ಇರೋದ್ರಲ್ಲೇ ಬಿಟ್ಟು, ಒಂದೊಂದ್ ಡಿಸ್ಕಿಗೂ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡೋದು ಕ್ಷೇಮ ಅಲ್ವಾ?"

ಅವರ ಮಾತಿನಲ್ಲಿ ಅರ್ಥವಿತ್ತು. ಎಎಚ್‌ಸಿಐನಲ್ಲೇ ಇದ್ದರೆ ಯಂತ್ರ ನಡೆಯುತ್ತದೆ, ಆಫೀಸಿನ ದಿನದ ಕೆಲಸ ನಿಲ್ಲುವುದಿಲ್ಲ. ಆದರೆ ಒಂದೊಂದು ಹೋಳಿನಿಂದ ಸಿಗುವುದು ಒಂದೊಂದು ಹೋಳು ಮಾತ್ರ. ಹದಿನೇಳನೇ ಮರದ ಒಂದು ವರ್ಷ ಸಿಕ್ಕಿ ಇನ್ನೊಂದು ವರ್ಷ ಸಿಗದಿದ್ದರೆ ನರ್ಸರಿಯವರಿಗೆ ಅದು ಲೆಕ್ಕವೇ ಅಲ್ಲ. ರೇಡಿಗೇ ಹೋಗುವುದೆಂದು ತೀರ್ಮಾನಿಸಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದರ ಮುಂದೆ ಫಲ ಎಂದು ಡೈರಿಯಲ್ಲಿ ಬರೆದುಕೊಂಡೆ. ಮುಂದಿನ ಸಲ, ತೀರಾ ಅಗತ್ಯದ್ದಷ್ಟನ್ನೇ ತೆರೆಯುವ ಸೇಫ್ ಮೋಡಿನಲ್ಲೇ ಏಳಬೇಕೆಂದು ವಿಂಡೋಸಿಗೆ ಹೇಳಿ ಆರಿಸಿದೆ. ಬಯೋಸಿಗೆ ಹೋಗಿ ರೇಡ್ ಎಂದು ಬದಲಿಸಿ ಉಳಿಸಿದೆ. ಬೀಪ್ ಬಂತು, ಗುರುತು ಬಂತು, ಆಮೇಲೆ ಕಪ್ಪು ಪುಟ ಬಂತು.

ಹಸಿರು ಇರಲಿಲ್ಲ. ಮೊದಲನೇ ಡಿಸ್ಕಿನ ಮುಂದೆ 'ಮೆಂಬರ್' ಎಂದಿತ್ತು. ಎರಡನೆಯದರ ಮುಂದೆ 'ನಾನ್‌-ರೇಡ್'. ಕೆಳಗೆ ಕೆಂಪಿನಲ್ಲಿ 'ಫೇಲ್ಡ್'. ಸೋಮವಾರ ಒತ್ತಿದ ಆ ಒಂದು ಓಕೆ ಎರಡನೇ ಡಿಸ್ಕಿನ ಕಟ್ಟಕಡೆಯಲ್ಲಿದ್ದ ಗುರುತಿನ ಮೇಲೆ ತನ್ನ ಗುರುತು ಬರೆದುಬಿಟ್ಟಿತ್ತು. ನಾನು ಇವರ ಜೊತೆಯವನು ಎಂದು ಹೇಳುವ ಚೀಟಿಯೇ ಆ ಡಿಸ್ಕಿನಲ್ಲಿ ಉಳಿದಿರಲಿಲ್ಲ.

ಉಳಿದ ದಾರಿ ಒಂದೇ: ಅದೇ ಎರಡು ಡಿಸ್ಕಿನಿಂದ, ಅದೇ ಅಳತೆಯಲ್ಲಿ ಕಟ್ಟನ್ನು ಹೊಸದಾಗಿ ಕಟ್ಟಿ, ಆಮೇಲೆ ಕಳೆದ ಡಿ ಡ್ರೈವನ್ನು ಹುಡುಕುವುದು. ಹಾಗೆ ಮಾಡುವಾಗ ಎಲ್ಲವೂ ಅಳಿದುಹೋಗುತ್ತದೆ ಎಂದು ಪರದೆ ಎಚ್ಚರಿಸುತ್ತದೆ. ನಿಜಕ್ಕೂ ಅಳಿಯುವುದು ಮೊದಲ ಪುಟ ಮಾತ್ರ ಎಂದು ಓದಿದ್ದೆ. ಓದಿದ್ದನ್ನು ನಂಬಿ ಅಕ್ಕನ ಆರು ವರ್ಷದ ಮೇಲೆ ಪ್ರಯೋಗ ಮಾಡಲು ಮನಸ್ಸಾಗಲಿಲ್ಲ. ಮೊದಲು ಎರಡೂ ಡಿಸ್ಕನ್ನು ಇದ್ದದ್ದು ಇದ್ದಂತೆ ಬೇರೆ ಡಿಸ್ಕುಗಳಿಗೆ ನಕಲು ಮಾಡಬೇಕು, ಪ್ರಯೋಗವೆಲ್ಲ ನಕಲಿನ ಮೇಲೆ. ರಿಪೇರಿಯವರು ತಮ್ಮ ಅಂಗಡಿಯ ಎರಡು ಡಿಸ್ಕನ್ನು ಕೇಳದೆಯೇ ಕೊಟ್ಟರು. "ಓಕೆ ಒತ್ತಿದೋನು ನಾನು ಮೇಡಂ," ಎಂದರು, ಅಷ್ಟೇ.

ನಕಲು ಅರ್ಧ ಮುಗಿದಿರುವಾಗ ಹೊನ್ನವಳ್ಳಿಯಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗಿ ಸುಮ್ಮನಾಯಿತು. ಮತ್ತೆ ಮೊದಲಿನಿಂದ. ಮತ್ತೆ ಹೋಯಿತು. ಬುಧವಾರ ತೋಟದಕ್ಕ ಆಫೀಸಿಗೆ ಬಂದದ್ದು ಆ ಎರಡನೇ ಸಲ ಕರೆಂಟ್ ಹೋಗಿದ್ದಾಗ.

ಅವರು ಕೂರಲಿಲ್ಲ. ಆರಿದ ಪರದೆಯನ್ನು ನೋಡಿದರು.

"ಹೋಯ್ತು ಅಂತ ಫೋನ್ ಮಾಡಿದ್ರು ಸೋಮವಾರ."

"ಪೂರ್ತಿ ಹೋಗಿಲ್ಲ ಅಕ್ಕಾ. ತೆಗೆಯೋಕೆ ನೋಡ್ತಿದೀನಿ."

"ಯಾರ್ ಮಾತು ನಂಬ್ಲಿ? ಅವ್ರು ಕೈಯಾಗ್ ಹಿಡಿದು ಅಲ್ಲಾಡ್ಸಿ ನೋಡ್ದೆ, ಏನೂ ಇಲ್ಲ ಅಂದ್ರು."

"ಅದು ಕಾಯಿ ಅಲ್ಲ ಅಕ್ಕಾ."

"ಅದು ನಂಗೂ ಗೊತ್ತು ಕಣವ್ವ." ಸ್ವಲ್ಪ ನಕ್ಕರು. ಆಮೇಲೆ ನಗು ಹೋಯಿತು. "ಎಳನೀರಿನೋನು ಬೇಲಿ ತಾವ ಗಾಡಿ ನಿಲ್ಲಿಸ್ಕೊಂಡವ್ನೆ. ಆರ್ ವರ್ಷದಿಂದ ಕಳಿಸ್ತಾನೇ ಇದ್ದೆ. ಇವತ್ತೂ ಕಳಿಸ್ಲಾ? ಲೆಕ್ಕ ಬತ್ತದೋ, ಬರಲ್ವೋ? ಒಂದು ಮಾತು ಹೇಳು."

ನನ್ನ ಮುಂದೆ ಅರ್ಧ ನಕಲಾದ ಒಂದು ಡಿಸ್ಕ್, ಗುರುತು ಕಳೆದ ಇನ್ನೊಂದು ಡಿಸ್ಕ್ ಇದ್ದವು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಾನು ಹೇಳುವುದಿಲ್ಲ.

"ಈಗ್ಲೇ ಹೇಳಕ್ಕಾಗಲ್ಲ ಅಕ್ಕಾ."

"ಹೇಳಕ್ಕಾಗಲ್ವಾ?"

"ಶನಿವಾರದವರೆಗೆ ಟೈಮ್ ಕೊಡಿ."

"ಗಾಡಿ ಶನಿವಾರದವರೆಗೆ ನಿಲ್ಲಲ್ಲ ಮಗಾ." ಸೆರಗನ್ನು ತಲೆಗೆ ಹಾಕಿಕೊಂಡು ಬಾಗಿಲವರೆಗೆ ಹೋದವರು ತಿರುಗಿದರು. "ನಿಂದೇನ್ ತಪ್ಪಿಲ್ಲ. ನೀನು ಸುಳ್ಳಾದ್ರೂ ಹೇಳ್ಬೋದಿತ್ತು."

ಕರೆಂಟ್ ಬರುವವರೆಗೂ ಕಾಯಲಿಲ್ಲ. ಕಂಪ್ಯೂಟರಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ಒಯ್ದೆ. ರಿಪೇರಿ ಅಂಗಡಿಯಲ್ಲಿ ದೊಡ್ಡ ಬ್ಯಾಟರಿಯ ಇನ್ವರ್ಟರ್ ಇತ್ತು. ಗುರುವಾರ ಇಡೀ ದಿನ ನಕಲು ನಡೆಯಿತು. ಶುಕ್ರವಾರ ನಿಜವಾದ ಡಿಸ್ಕುಗಳನ್ನು ಬಿಚ್ಚಿ ಬಟ್ಟೆಯಲ್ಲಿಟ್ಟು, ನಕಲುಗಳನ್ನು ಜೋಡಿಸಿ, ರೇಡ್ ಪುಟದಲ್ಲಿ ಹೊಸ ಕಟ್ಟು ಮಾಡಿದೆ. ಫೋಲ್ಡರುಗಳ ಹೆಸರು ಬಂದವು. ತೋಟದಕ್ಕನ ಹೆಸರಿನ ಫೋಲ್ಡರೂ ಇತ್ತು. ತೆರೆದರೆ ಫೈಲಿನ ತುಂಬ ಅರ್ಥವಿಲ್ಲದ ಗುರುತುಗಳು.

"ಚೂರಿನ ಅಳತೆ ತಪ್ಪಿರ್ಬೇಕು," ಎಂದರು ರಿಪೇರಿಯವರು. ಫೈಲನ್ನು ಎಷ್ಟೆಷ್ಟು ದೊಡ್ಡ ಚೂರು ಮಾಡಿ ಹಂಚಬೇಕು ಎಂಬುದಕ್ಕೆ ಒಂದು ಅಳತೆಯಿರುತ್ತದೆ. ನಾನು ಊಹಿಸಿ ಹಾಕಿದ್ದೆ. ಕಟ್ಟು ಬಿಚ್ಚಿ, ಮತ್ತೆ ನಕಲು ಮಾಡಿ, ಆ ಚಿಪ್ಪು ತಾನಾಗಿ ಕೊಡುವ ಅಳತೆಯನ್ನೇ ಇಟ್ಟು ಕಟ್ಟಿದೆ. ಶನಿವಾರ ಮಧ್ಯಾಹ್ನ ಡಿ ಡ್ರೈವ್ ಬಂತು. ಮೊದಲು ತೆರೆದದ್ದು ಹದಿನೇಳನೇ ಮರ. ಆರು ವರ್ಷ, ಒಂದು ಕೊಯ್ಲಿನ ಲೆಕ್ಕವೂ ತಪ್ಪಿರಲಿಲ್ಲ. ರಿಪೇರಿಯವರು ಟೀ ತರಿಸಿದರು. ನಾನು ಪ್ರಿಂಟ್ ತೆಗೆದುಕೊಂಡು ಸಂಜೆಯ ಬಸ್ಸು ಹಿಡಿದೆ.

ಅಕ್ಕನ ಮನೆಗೆ ಹೋಗುವ ದಾರಿ ತೋಟದೊಳಗಿಂದಲೇ. ಬೇಲಿ ದಾಟುವಾಗಲೇ ಗೊತ್ತಾಯಿತು. ಮರದಡಿ ಖಾಲಿ ಗೊನೆಕಡ್ಡಿಗಳು ಬಿದ್ದಿದ್ದವು, ಗಾಡಿಯ ಚಕ್ರದ ಗುರುತು ಮಣ್ಣಿನಲ್ಲಿ ಇನ್ನೂ ಇತ್ತು. ತಲೆ ಎತ್ತಿದರೆ ಗರಿಗಳು ಮಾತ್ರ. ಎಳೆಯದು, ಬಲಿತದ್ದು ಎನ್ನದೆ ಇಳಿಸಿದ್ದರು. ಹೊಂಬಾಳೆಯ ಹೀಚು ಬಿಟ್ಟರೆ ಏನೂ ಉಳಿದಿರಲಿಲ್ಲ. ಬುಡದಲ್ಲಿ ಬಿಳಿ ನಂಬರುಗಳು ಹಾಗೇ ಇದ್ದವು.

ಅಕ್ಕ ಜಗಲಿಯಲ್ಲಿ ಮೊರ ಹಿಡಿದು ಕಾಳು ಹಸನು ಮಾಡುತ್ತಿದ್ದರು. ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಬಂತಾ?"

"ಬಂತು ಅಕ್ಕಾ. ಎಲ್ಲಾ ಬಂತು."

"ಹದಿನೇಳು ಯಾವ್ದು, ತೊಟ್ಟಿ ಪಕ್ಕದ್ದಾ?" ಬೆರಳಿಟ್ಟು ಸಾಲು ಓದಿದರು. "ಇಷ್ಟೊಂದ್ ಬಿಟ್ಟಿತ್ತಾ ಅದು? ನಂಗೇ ಗೊತ್ತಿರ್ಲಿಲ್ಲ ನೋಡು." ಕಾಗದವನ್ನು ಮಡಿಸಿ ಮೊರದ ಕೆಳಗೆ ಇಡದೆ, ಬಾಗಿಲ ಮೇಲಿನ ದೇವರ ಪಟದ ಹಿಂದೆ ಸಿಕ್ಕಿಸಿದರು. "ಕಾಫಿ ಕುಡ್ಕೊಂಡ್ ಹೋಗು."

ಸೋಮವಾರ ಕಾರ್ಯದರ್ಶಿಗಳಿಗೆ ಡಿ ಡ್ರೈವ್ ತೋರಿಸಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. "ನಾನ್ ಹೇಳಿರ್ಲಿಲ್ವಾ? ಎರಡ್ ಡಿಸ್ಕ್ ಐತೆ, ಎಲ್ಲಿಗ್ ಹೋಗ್ತದೆ ಅಂತ." ಆಫೀಸಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೊಗಳಿದರು. ಹಿಂದಿನ ಸೋಮವಾರ ಅಕ್ಕನಿಗೆ ಮಾಡಿದ ಫೋನಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದೀಪಾವಳಿ ಕಳೆದ ಮೇಲೆ ನರ್ಸರಿಯವರು ಬಂದರು. ಲೆಕ್ಕ ನೋಡಿ ತಲೆದೂಗಿದರು; ಇಷ್ಟು ಅಚ್ಚುಕಟ್ಟಾದ ಲೆಕ್ಕ ಬೇರೆಲ್ಲೂ ನೋಡಿಲ್ಲ ಎಂದರು. ಆಮೇಲೆ ತೋಟಕ್ಕೆ ಹೋಗಿ ಮೇಲೆ ನೋಡಿದರು. ಬೀಜದ ಕಾಯಿ ಬೇಸಿಗೆಗೆ ಬೇಕು, ಈಗ ಮರದಲ್ಲಿರುವ ಹೀಚು ಬಲಿಯಲು ಇನ್ನೊಂದು ವರ್ಷ ಹಿಡಿಯುತ್ತದೆ. ಅದಲ್ಲದೆ, ಈ ವರ್ಷದ ಲೆಕ್ಕ ನಡುವೆ ಕಡಿದುಹೋದರೆ ಸತತ ಎನ್ನುವಂತಿಲ್ಲ, ಮತ್ತೆ ಮೊದಲಿನಿಂದ ಎಣಿಸಬೇಕು ಎಂದರು. ನಯವಾಗಿಯೇ ಹೇಳಿದರು. ತುರುವೇಕೆರೆ ಕಡೆ ಇನ್ನೊಂದು ತೋಟ ನೋಡಬೇಕೆಂದು ಜೀಪು ಹತ್ತಿದರು.

ಈಗ ಕಂಪ್ಯೂಟರ್ ಎಎಚ್‌ಸಿಐ ರೀತಿಯಲ್ಲೇ ಇದೆ. ಎರಡು ಡಿಸ್ಕನ್ನು ಬೇರೆ ಮಾಡಿ, ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವಂತೆ ನಾನೇ ದಿನಾ ನಕಲು ತೆಗೆಯುತ್ತೇನೆ. ಬ್ಯಾಟರಿಯ ಪಕ್ಕ ಮುಟ್ಟಬೇಡಿ ಎಂದು ಬರೆದು ಅಂಟಿಸಿದ್ದೇನೆ. ಹೊರಗಿನ ಡಿಸ್ಕನ್ನೂ ಕಾರ್ಯದರ್ಶಿಗಳು ಈ ಸಲ ತಾವಾಗಿಯೇ ತರಿಸಿದರು.

ಮುಂದಿನ ಕಾಯಿ ಕೀಳುವ ಸರದಿ ಬಂದಾಗ ಅಕ್ಕನ ತೋಟದ ಪುಟ ತೆರೆದೆ. ಸಾಲನ್ನು ಖಾಲಿ ಬಿಡುವಂತಿಲ್ಲ, ಖಾಲಿ ಎಂದರೆ ಎಣಿಸಲಿಲ್ಲ ಎಂದರ್ಥ. ಒಂದರಿಂದ ನಲವತ್ತರವರೆಗೆ ಪ್ರತಿ ಮರದ ಮುಂದೆ ಸೊನ್ನೆ ಹಾಕಿದೆ. ಆ ಸೊನ್ನೆಗಳು ಈಗ ಮೂರು ಡಿಸ್ಕಿನಲ್ಲಿ ಭದ್ರವಾಗಿವೆ.